ನಾನಿ ಪಾಲ್ಖಿವಾಲಾ

ನಾನಾಭಾಯ್ ಅರ್ದೇಶಿರ್ ಪಾಲ್ಖಿವಾಲಾ (16 ಜನವರಿ 1920 – 11 ಡಿಸೆಂಬರ್ 2002) ಭಾರತದ ಹೆಸರಾಂತ ವಕೀಲರು, ತೆರಿಗೆ ಕಾನೂನು ತಜ್ಞರು ಹಾಗೂ ಸಂವಿಧಾನ ಪರಿಣತರು. ನಾನಿ ಪಾಲ್ಖಿವಾಲಾ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಇವರು ಮುಂಬಯಿಯಲ್ಲಿ ತೆರಿಗೆ ಮತ್ತು ಕಂಪನಿ ವ್ಯಾಜ್ಯಗಳ ವಕೀಲರಾಗಿ ವೃತ್ತಿಯನ್ನು ಕಟ್ಟಿಕೊಂಡರು. ಬ್ಯಾಂಕಿನ ಷೇರುದಾರರು, ಪತ್ರಿಕಾ ಸಂಸ್ಥೆಗಳು, ಗಿರಣಿ ಮಾಲೀಕರು ಮುಂತಾದವರ ಪರವಾಗಿ ಅವರು ನಡೆಸಿದ ಮೊಕದ್ದಮೆಗಳು ಭಾರತದ ಸಂವಿಧಾನದ ವ್ಯಾಖ್ಯಾನವನ್ನೇ ಬದಲಿಸಿದವು. ಸಂವಿಧಾನದ 'ಮೂಲ ಸಂರಚನೆ'ಯನ್ನು ನಾಶಮಾಡುವ ಅಧಿಕಾರ ಸಂಸತ್ತಿಗೆ ಇಲ್ಲ ಎಂದು ಸಾರಿದ ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ (1973) ಅರ್ಜಿದಾರರ ಪರ ಪ್ರಮುಖ ವಾದ ಮಂಡಿಸಿದವರು ಇವರೇ. 1977ರಿಂದ 1979ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಭಾರತದ ರಾಯಭಾರಿಯಾಗಿದ್ದರು. 1998ರಲ್ಲಿ ಇವರಿಗೆ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಪಾಲ್ಖಿವಾಲಾ ಅವರು 1920ರಲ್ಲಿ ಮುಂಬಯಿಯ ಮಧ್ಯಮ ವರ್ಗದ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಪೂರ್ವಿಕರು ಪಲ್ಲಕ್ಕಿಗಳಿಗೆ ಸಂಬಂಧಿಸಿದ ಕಸುಬಿನಲ್ಲಿದ್ದುದರಿಂದ ಮನೆತನಕ್ಕೆ ಈ ಹೆಸರು ಬಂದಿತು. ಕಸುಬಿನ ಹೆಸರನ್ನು ಮನೆತನದ ಹೆಸರಾಗಿ ಇಟ್ಟುಕೊಳ್ಳುವುದು ಪಾರ್ಸಿಗಳಲ್ಲಿ ಸಾಮಾನ್ಯ. ಬಾಲ್ಯದಲ್ಲಿ ಅವರಿಗೆ ಮಾತು ತೊದಲುತ್ತಿತ್ತು. ಸತತ ಅಭ್ಯಾಸದಿಂದ ಈ ತೊಂದರೆಯನ್ನು ಗೆದ್ದ ಅವರು ಮುಂದೆ ದೇಶದ ಶ್ರೇಷ್ಠ ವಾಗ್ಮಿಗಳಲ್ಲಿ ಒಬ್ಬರೆನಿಸಿಕೊಂಡರು.

ಮಾಸ್ಟರ್ಸ್ ಟ್ಯುಟೋರಿಯಲ್ ಹೈಸ್ಕೂಲ್ ಮತ್ತು ಸೇಂಟ್ ಝೇವಿಯರ್ಸ್ ಕಾಲೇಜುಗಳಲ್ಲಿ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು. ಅಧ್ಯಾಪಕರಾಗಬೇಕೆಂಬುದು ಅವರ ಮೊದಲ ಆಸೆಯಾಗಿತ್ತು. ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕ ಹುದ್ದೆಗೆ ಅರ್ಜಿ ಸಲ್ಲಿಸಿದರೂ ಆಯ್ಕೆಯಾಗಲಿಲ್ಲ. ಅಷ್ಟು ಹೊತ್ತಿಗೆ ಬೇರೆ ಹೆಚ್ಚಿನ ಕೋರ್ಸುಗಳ ಪ್ರವೇಶ ಮುಗಿದಿದ್ದುದರಿಂದ ಸರ್ಕಾರಿ ಕಾನೂನು ಕಾಲೇಜಿಗೆ ಸೇರಿದರು. ಹೀಗೆ ಅನಿವಾರ್ಯವಾಗಿ ಆಯ್ದುಕೊಂಡ ವಿಷಯದಲ್ಲಿ ಅವರು ಪರೀಕ್ಷೆಗಳಲ್ಲಿ ಅಗ್ರಸ್ಥಾನ ಗಳಿಸುತ್ತ ಹೋದರು.

ವಕೀಲಿ ವೃತ್ತಿಯ ಆರಂಭ

1946ರಲ್ಲಿ ಪಾಲ್ಖಿವಾಲಾ ಅವರು ಬೊಂಬಾಯಿ ಹೈಕೋರ್ಟಿನಲ್ಲಿ ವೃತ್ತಿ ಆರಂಭಿಸಿ, ಸರ್ ಜಮ್‌ಶೆಡ್‌ಜಿ ಕಾಂಗಾ ಅವರ ಕಚೇರಿಯನ್ನು ಸೇರಿದರು. ಮುಂದೆ ಹೆಸರು ಮಾಡಿದ ಎಚ್.ಎಂ. ಸೀರ್ವಾಯ್ ಅವರೂ ಇದೇ ಕಚೇರಿಯಲ್ಲಿ ಬೆಳೆದವರು.

ಆ ಕಾಲದ ಬೊಂಬಾಯಿ ಹೈಕೋರ್ಟಿನ ಮೂಲ ವಿಭಾಗದಲ್ಲಿ ವಕೀಲರ ಕೆಲಸ ಎರಡು ಭಾಗವಾಗಿ ಹಂಚಿಹೋಗಿತ್ತು. ಕಕ್ಷಿದಾರರೊಡನೆ ವ್ಯವಹರಿಸಿ, ದಾಖಲೆಗಳನ್ನು ಕಲೆಹಾಕಿ ಮೊಕದ್ದಮೆಯನ್ನು ಸಿದ್ಧಪಡಿಸುವವರು ಸಾಲಿಸಿಟರ್‌ಗಳು. ಇವರನ್ನು ಅಟಾರ್ನಿಗಳೆಂದೂ ಕರೆಯುತ್ತಿದ್ದರು. ನ್ಯಾಯಾಧೀಶರ ಮುಂದೆ ನಿಂತು ವಾದ ಮಂಡಿಸುವವರು ಬೇರೆ. ಹತ್ತಿ ಗಿರಣಿ, ಬ್ಯಾಂಕು, ಹಡಗು ಸಾಗಣೆ, ವಿಮೆ ಮತ್ತು ಷೇರು ವ್ಯವಹಾರಗಳ ಕೇಂದ್ರವಾಗಿದ್ದ ಮುಂಬಯಿಯಲ್ಲಿ ವಾಣಿಜ್ಯ ವ್ಯಾಜ್ಯಗಳಿಗೆ ಕೊರತೆ ಇರಲಿಲ್ಲ. ಇಂಥ ವ್ಯಾಜ್ಯಗಳಲ್ಲಿ ಗೆಲ್ಲಲು ಕಾನೂನಿನ ಜ್ಞಾನವಷ್ಟೇ ಸಾಲದು. ಲೆಕ್ಕಪತ್ರವನ್ನು ಓದುವ, ಒಪ್ಪಂದದ ಒಂದೊಂದು ಪದವನ್ನೂ ತೂಗಿ ನೋಡುವ ಸಾಮರ್ಥ್ಯವೂ ಬೇಕು. ಪಾಲ್ಖಿವಾಲಾ ಅವರ ತರಬೇತಿ ಆದದ್ದು ಈ ಬಗೆಯ ಕೆಲಸದಲ್ಲಿ.

ಕಾಂಗಾ ಅವರೊಡನೆ ಸೇರಿ ಅವರು ರಚಿಸಿದ 'ದ ಲಾ ಅಂಡ್ ಪ್ರಾಕ್ಟೀಸ್ ಆಫ್ ಇನ್‌ಕಮ್ ಟ್ಯಾಕ್ಸ್' ಗ್ರಂಥ 1950ರಲ್ಲಿ ಪ್ರಕಟವಾಯಿತು. ಆಗ ಅವರಿಗೆ ಮೂವತ್ತು ವರ್ಷ. 'ಕಾಂಗಾ ಮತ್ತು ಪಾಲ್ಖಿವಾಲಾ' ಎಂದೇ ಕರೆಯಲಾಗುವ ಈ ಗ್ರಂಥ ಅನೇಕ ಪರಿಷ್ಕೃತ ಆವೃತ್ತಿಗಳನ್ನು ಕಂಡಿದ್ದು, ಇಂದಿಗೂ ತೆರಿಗೆ ವಕೀಲರ ಪ್ರಮುಖ ಆಕರ ಗ್ರಂಥವಾಗಿದೆ. 1954ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಇಂಗ್ಲಿಷ್ ಮಾಧ್ಯಮ ಶಾಲೆಗಳ ಪ್ರವೇಶವನ್ನು ನಿರ್ಬಂಧಿಸಿದ ಬೊಂಬಾಯಿ ಸರ್ಕಾರದ ಆದೇಶ ಆ ಮೊಕದ್ದಮೆಯಲ್ಲಿ ರದ್ದಾಯಿತು.

ಉದ್ಯಮ ಕ್ಷೇತ್ರದ ನಂಟು

ವಕೀಲಿಯ ಜೊತೆಗೆ ಪಾಲ್ಖಿವಾಲಾ ಅವರು ಉದ್ಯಮ ಕ್ಷೇತ್ರದಲ್ಲೂ ಹೊಣೆಗಾರಿಕೆ ವಹಿಸಿಕೊಂಡರು. ಟಾಟಾ ಸಮೂಹದಲ್ಲಿ ನಿರ್ದೇಶಕರಾಗಿದ್ದ ಅವರು ಎಸಿಸಿ ಸಿಮೆಂಟ್ ಕಂಪನಿಯ ಅಧ್ಯಕ್ಷರೂ ಆಗಿದ್ದರು. ಖಾಸಗಿ ಉದ್ಯಮದ ಪರವಾಗಿ ಸಾರ್ವಜನಿಕ ಅಭಿಪ್ರಾಯ ರೂಪಿಸಲು ಎ.ಡಿ. ಶ್ರಾಫ್ ಅವರು 1956ರಲ್ಲಿ ಸ್ಥಾಪಿಸಿದ 'ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್' ಸಂಸ್ಥೆಯನ್ನು ಅವರು ದೀರ್ಘಕಾಲ ಮುನ್ನಡೆಸಿದರು. ಪರವಾನಗಿ, ಕೋಟಾ ಮತ್ತು ರಾಷ್ಟ್ರೀಕರಣದ ಆ ದಿನಗಳಲ್ಲಿ ಈ ನಿಲುವು ಜನಪ್ರಿಯವಾದುದಾಗಿರಲಿಲ್ಲ.

ಪ್ರಮುಖ ಮೊಕದ್ದಮೆಗಳು

ಬ್ಯಾಂಕ್ ರಾಷ್ಟ್ರೀಕರಣ ಮೊಕದ್ದಮೆ (1970)

1969ರ ಜುಲೈ 19ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಇವುಗಳಲ್ಲಿ ಸೇರಿದ್ದವು. ಸೆಂಟ್ರಲ್ ಬ್ಯಾಂಕಿನ ನಿರ್ದೇಶಕರೂ ಹಲವು ಬ್ಯಾಂಕುಗಳ ಷೇರುದಾರರೂ ಆಗಿದ್ದ ರುಸ್ತುಂ ಕಾವಸ್‌ಜಿ ಕೂಪರ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ಪರ ಪಾಲ್ಖಿವಾಲಾ ವಾದಿಸಿದರು.

ಮೊಕದ್ದಮೆಗೆ ಆರಂಭದಲ್ಲೇ ಒಂದು ತೊಡಕಿತ್ತು. ಕಂಪನಿ ಕಾನೂನಿನ ದೃಷ್ಟಿಯಲ್ಲಿ ಕಂಪನಿ ಬೇರೆ, ಅದರ ಷೇರುದಾರ ಬೇರೆ. ಕಂಪನಿಯು 'ನಾಗರಿಕ'ನಲ್ಲವಾದ್ದರಿಂದ ಸಂವಿಧಾನದ 19ನೇ ವಿಧಿಯ ಹಕ್ಕುಗಳನ್ನು ಅದು ಕೇಳುವಂತಿಲ್ಲ. ಆಸ್ತಿ ಕಳೆದುಕೊಂಡದ್ದು ಬ್ಯಾಂಕೇ ಹೊರತು ತಾನಲ್ಲವಾದ್ದರಿಂದ ಷೇರುದಾರನೂ ಕೇಳುವಂತಿಲ್ಲ ಎಂಬುದು ಸರ್ಕಾರದ ಆಕ್ಷೇಪವಾಗಿತ್ತು. ಸರ್ಕಾರದ ಕ್ರಮವು ಕಂಪನಿಯ ಜೊತೆಗೆ ಷೇರುದಾರನ ಸ್ವಂತ ಹಕ್ಕಿಗೂ ಧಕ್ಕೆ ತಂದರೆ ಆತ ನ್ಯಾಯಾಲಯದ ಮೊರೆ ಹೋಗಬಹುದು ಎಂದು ನ್ಯಾಯಾಲಯ ತೀರ್ಮಾನಿಸಿತು.

1970ರ ಫೆಬ್ರವರಿ 10ರಂದು 11 ನ್ಯಾಯಮೂರ್ತಿಗಳ ಪೀಠವು 10–1ರ ಬಹುಮತದಿಂದ ರಾಷ್ಟ್ರೀಕರಣ ಕಾಯಿದೆಯನ್ನು ರದ್ದುಪಡಿಸಿತು. ಕಾಯಿದೆಯು ಈ ಬ್ಯಾಂಕುಗಳ ವಿರುದ್ಧ ತಾರತಮ್ಯ ಮಾಡಿದೆ, ಪರಿಹಾರವನ್ನು ನಿಗದಿಪಡಿಸುವ ಅದರ ಸೂತ್ರವೂ ಸರಿಯಿಲ್ಲ ಎಂಬುದು ಇದಕ್ಕೆ ಕಾರಣ. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಎ.ಎನ್. ರೇ. ಕೆಲವೇ ದಿನಗಳಲ್ಲಿ ಸರ್ಕಾರವು ಪರಿಹಾರವನ್ನು ನೇರವಾಗಿ ನಿಗದಿಪಡಿಸಿ ಹೊಸ ಸುಗ್ರೀವಾಜ್ಞೆ ಹೊರಡಿಸಿದ್ದರಿಂದ ಬ್ಯಾಂಕುಗಳು ಸರ್ಕಾರದ ವಶದಲ್ಲೇ ಉಳಿದವು.

ಆದರೆ ಈ ತೀರ್ಪಿನಲ್ಲಿ ಬ್ಯಾಂಕುಗಳಿಗಿಂತ ಹೆಚ್ಚು ಕಾಲ ಬಾಳಿದ ತತ್ವವೊಂದಿತ್ತು. ಕಾಯಿದೆಯೊಂದು ಹಕ್ಕನ್ನು ಉಲ್ಲಂಘಿಸುತ್ತದೆಯೇ ಎಂಬುದನ್ನು ಸರ್ಕಾರದ ಉದ್ದೇಶದಿಂದಲ್ಲ, ವ್ಯಕ್ತಿಯ ಮೇಲೆ ಅದು ಉಂಟುಮಾಡುವ ಪರಿಣಾಮದಿಂದ ಅಳೆಯಬೇಕು. ಮೂಲಭೂತ ಹಕ್ಕುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಹಕ್ಕುಗಳೆಂದು ನೋಡುವಂತಿಲ್ಲ ಎಂಬುದೇ ಆ ತತ್ವ. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ವ್ಯಕ್ತಿ ಸ್ವಾತಂತ್ರ್ಯದ ವ್ಯಾಪ್ತಿಯನ್ನು ವಿಸ್ತರಿಸಲು ಇದೇ ಆಧಾರವಾಯಿತು.

ರಾಜಧನ ಮತ್ತು ಪತ್ರಿಕಾ ಕಾಗದದ ಮೊಕದ್ದಮೆಗಳು

ಮಾಜಿ ಅರಸರಿಗೆ ನೀಡುತ್ತಿದ್ದ ರಾಜಧನವನ್ನು ನಿಲ್ಲಿಸಲು ರಾಷ್ಟ್ರಪತಿಗಳು 1970ರಲ್ಲಿ ಹೊರಡಿಸಿದ ಆದೇಶವನ್ನು ಪಾಲ್ಖಿವಾಲಾ ಪ್ರಶ್ನಿಸಿದರು. ವಿಲೀನದ ಸಮಯದಲ್ಲಿ ಸಂವಿಧಾನದ ಮೂಲಕ ಕೊಟ್ಟ ವಚನವನ್ನು ಕೇವಲ ಆಡಳಿತಾತ್ಮಕ ಆದೇಶದಿಂದ ಮುರಿಯುವಂತಿಲ್ಲ ಎಂಬುದು ವಾದದ ತಿರುಳು. ಅದೇ ವರ್ಷ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದುಮಾಡಿತು. 1971ರ 26ನೇ ತಿದ್ದುಪಡಿಯ ಮೂಲಕ ಸಂಸತ್ತು ರಾಜಧನವನ್ನು ಕೊನೆಗೊಳಿಸಿತು.

1972ರಲ್ಲಿ ತೀರ್ಮಾನವಾದ ಬೆನೆಟ್ ಕೋಲ್‌ಮನ್ ಮೊಕದ್ದಮೆ ಪತ್ರಿಕೆಗಳಿಗೆ ಸಂಬಂಧಿಸಿದ್ದು. ಆಮದು ಕಾಗದದ ಕೊರತೆಯ ಕಾರಣ ನೀಡಿ ಸರ್ಕಾರವು ದಿನಪತ್ರಿಕೆಗಳ ಪುಟಗಳನ್ನು ಹತ್ತಕ್ಕೆ ಮಿತಿಗೊಳಿಸಿತ್ತು. ಕಾಗದದ ಹಂಚಿಕೆಯಂತೆ ಕಾಣುವ ಈ ನೀತಿ ವಾಸ್ತವದಲ್ಲಿ ಅಭಿವ್ಯಕ್ತಿಯ ಮೇಲಿನ ನಿರ್ಬಂಧ ಎಂಬ ಪಾಲ್ಖಿವಾಲಾ ಅವರ ವಾದವನ್ನು ನ್ಯಾಯಾಲಯವು 4–1ರ ಬಹುಮತದಿಂದ ಒಪ್ಪಿತು.

ಕೇಶವಾನಂದ ಭಾರತಿ ಮೊಕದ್ದಮೆ (1973)

ಈ ಸೋಲುಗಳಿಗೆ ಉತ್ತರವಾಗಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿಗಳನ್ನು ತಂದಿತು. 24ನೇ ತಿದ್ದುಪಡಿ ಮೂಲಭೂತ ಹಕ್ಕುಗಳೂ ಸೇರಿದಂತೆ ಸಂವಿಧಾನದ ಯಾವುದೇ ಭಾಗವನ್ನು ಬದಲಿಸುವ ಅಧಿಕಾರ ಸಂಸತ್ತಿಗಿದೆ ಎಂದು ಹೇಳಿತು. 25ನೇ ತಿದ್ದುಪಡಿ ಆಸ್ತಿ ಸ್ವಾಧೀನಕ್ಕೆ ನೀಡಬೇಕಾದ 'ಪರಿಹಾರ' ಎಂಬ ಪದದ ಬದಲು 'ಮೊತ್ತ' ಎಂಬ ಪದವನ್ನು ಸೇರಿಸಿತು. 29ನೇ ತಿದ್ದುಪಡಿ ಕೇರಳದ ಭೂಸುಧಾರಣಾ ಕಾಯಿದೆಗಳನ್ನು ಒಂಬತ್ತನೇ ಅನುಸೂಚಿಯಲ್ಲಿಟ್ಟು ಅವುಗಳಿಗೆ ರಕ್ಷಣೆ ನೀಡಿತು.

ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು ಮಠದ ಭೂಮಿಗೆ ಸಂಬಂಧಿಸಿದಂತೆ 1970ರಲ್ಲೇ ರಿಟ್ ಅರ್ಜಿ ಸಲ್ಲಿಸಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶದ ಮಠ ಯಕ್ಷಗಾನದ ಪೋಷಣೆಗೂ ಹೆಸರಾದುದು. ಸ್ವಾಮೀಜಿಯವರು ಸ್ವತಃ ಭಾಗವತಿಕೆ ಬಲ್ಲವರಾಗಿದ್ದರು. ತಿದ್ದುಪಡಿಗಳ ಸಿಂಧುತ್ವವೂ ಈ ಅರ್ಜಿಯೊಳಗೆ ಸೇರಿಕೊಂಡಾಗ ಮಠದ ಜಮೀನಿನ ವ್ಯಾಜ್ಯವು ದೇಶದ ಅತಿ ದೊಡ್ಡ ಸಂವಿಧಾನ ಮೊಕದ್ದಮೆಯಾಗಿ ಬೆಳೆಯಿತು.

ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನೇತೃತ್ವದ 13 ನ್ಯಾಯಮೂರ್ತಿಗಳ ಪೀಠದ ಮುಂದೆ 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ ಒಟ್ಟು 68 ದಿನ ವಿಚಾರಣೆ ನಡೆಯಿತು. ಪಾಲ್ಖಿವಾಲಾ ಒಬ್ಬರೇ ಸುಮಾರು ಒಂದು ತಿಂಗಳ ಕಲಾಪದಷ್ಟು ಕಾಲ ವಾದಿಸಿದರು. ಕೇರಳ ಸರ್ಕಾರದ ಪರ ಅವರಿಗೆ ಎದುರಾಗಿ ನಿಂತವರು ಕಾಂಗಾ ಕಚೇರಿಯ ಹಳೆಯ ಸಹೋದ್ಯೋಗಿ ಸೀರ್ವಾಯ್.

'ತಿದ್ದುಪಡಿ' ಎಂದರೆ ಇರುವುದನ್ನು ಉಳಿಸಿಕೊಂಡು ಮಾಡುವ ಬದಲಾವಣೆ; ಇರುವುದನ್ನೇ ಇಲ್ಲವಾಗಿಸುವುದು ತಿದ್ದುಪಡಿಯಲ್ಲ ಎಂಬುದು ಪಾಲ್ಖಿವಾಲಾ ಅವರ ವಾದವಾಗಿತ್ತು. ಸಂವಿಧಾನದಿಂದ ಹುಟ್ಟಿದ ಸಂಸತ್ತು ಸಂವಿಧಾನದ ಒಡೆಯನಾಗಲಾರದು; ತಿದ್ದುಪಡಿಯ ಅಧಿಕಾರಕ್ಕೆ ಅಂತರ್ಗತವಾದ ಮಿತಿಗಳಿವೆ ಎಂದು ಅವರು ಪ್ರತಿಪಾದಿಸಿದರು. ಜರ್ಮನ್ ವಿದ್ವಾಂಸ ಡೀಟರ್ ಕಾನ್ರಾಡ್ ಅವರ ಚಿಂತನೆಯನ್ನೂ ಬಳಸಿಕೊಂಡರು. ಅದಕ್ಕೂ ಮೊದಲು, 1967ರ ಗೋಲಕನಾಥ ಮೊಕದ್ದಮೆಯಲ್ಲಿ, ಮಂಗಳೂರಿನಲ್ಲಿ ವಕೀಲಿ ಮಾಡಿದ್ದ ಎಂ.ಕೆ. ನಂಬಿಯಾರ್ ಅವರು ಇದೇ ಜಾಡಿನ ವಾದವನ್ನು ಮಂಡಿಸಿದ್ದರು.

1973ರ ಏಪ್ರಿಲ್ 24ರಂದು 7–6ರ ಅತ್ಯಲ್ಪ ಬಹುಮತದ ತೀರ್ಪು ಹೊರಬಿತ್ತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ನಾಶಮಾಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 24ನೇ ತಿದ್ದುಪಡಿ ಊರ್ಜಿತವಾಯಿತು. 25ನೇ ತಿದ್ದುಪಡಿಯಲ್ಲಿ ನ್ಯಾಯಾಲಯದ ಪರಿಶೀಲನೆಯನ್ನು ತಡೆಯುವ ಭಾಗ ಮಾತ್ರ ಬಿದ್ದುಹೋಯಿತು. ಕೇರಳದ ಭೂಸುಧಾರಣಾ ಕಾಯಿದೆಗಳೂ ಒಂಬತ್ತನೇ ಅನುಸೂಚಿಯಲ್ಲೇ ಉಳಿದವು. ಹೀಗೆ ಮೊಕದ್ದಮೆ ಹೂಡಿದ ಮಠಕ್ಕೆ ನಿರೀಕ್ಷಿತ ಪರಿಹಾರ ಸಿಗದಿದ್ದರೂ ಅದರ ಅರ್ಜಿಯಿಂದ ದೇಶಕ್ಕೆ ಶಾಶ್ವತವಾದ ತತ್ವವೊಂದು ದೊರೆಯಿತು.

ತೀರ್ಪಿನ ಬೆನ್ನಲ್ಲೇ ಬಹುಮತದಲ್ಲಿದ್ದ ನ್ಯಾಯಮೂರ್ತಿಗಳಾದ ಶೇಲತ್, ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಅವರ ಹಿರಿತನವನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ನೀಡಿದರು. ಪಾಲ್ಖಿವಾಲಾ ಈ ನೇಮಕವನ್ನು ಬಹಿರಂಗವಾಗಿ ಖಂಡಿಸಿದರು.

ತುರ್ತು ಪರಿಸ್ಥಿತಿ (1975)

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿತು. ಆ ಮೊದಲಿನ ಪ್ರಮುಖ ಮೊಕದ್ದಮೆಗಳಲ್ಲಿ ಅವರ ಸರ್ಕಾರದ ವಿರುದ್ಧವೇ ವಾದಿಸಿದ್ದ ಪಾಲ್ಖಿವಾಲಾ, ಈ ಬಾರಿ ಅವರ ಪರ ವಕಾಲತ್ತು ವಹಿಸಿದರು. ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಜೂನ್ 24ರಂದು ಷರತ್ತುಬದ್ಧ ತಡೆಯಾಜ್ಞೆ ನೀಡಿದರು. ಇಂದಿರಾ ಅವರು ಪ್ರಧಾನಿಯಾಗಿ ಮುಂದುವರಿಯಬಹುದಾಗಿತ್ತು, ಆದರೆ ಲೋಕಸಭೆಯಲ್ಲಿ ಮತ ಚಲಾಯಿಸುವಂತಿರಲಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪಾಲ್ಖಿವಾಲಾ ಕೂಡಲೇ ವಕಾಲತ್ತನ್ನು ಹಿಂದಿರುಗಿಸಿದರು.

ಆ ಮೇಲ್ಮನವಿಯ ತೀರ್ಪು ನವೆಂಬರ್ 7ರಂದು ಬಂದಿತು. ಇಂದಿರಾ ಅವರ ಆಯ್ಕೆಯನ್ನು ಎತ್ತಿಹಿಡಿದರೂ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಟ್ಟ 39ನೇ ತಿದ್ದುಪಡಿಯ ಭಾಗವನ್ನು ನ್ಯಾಯಾಲಯವು ಮೂಲ ಸಂರಚನೆಯ ತತ್ವವನ್ನೇ ಆಧರಿಸಿ ರದ್ದುಗೊಳಿಸಿತು.

ಇದಾದ ಕೆಲವೇ ದಿನಗಳಲ್ಲಿ ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಮುಖ್ಯ ನ್ಯಾಯಮೂರ್ತಿ ರೇ ಅವರು 13 ನ್ಯಾಯಮೂರ್ತಿಗಳ ಪೀಠವನ್ನು ರಚಿಸಿದರು. ಸಾವಿರಾರು ಜನ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ, ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ್ದ ಕಾಲವದು. ಮರುಪರಿಶೀಲನೆಗೆ ಕಾರಣವೇ ಇಲ್ಲ, ಅದನ್ನು ಕೋರಿದ ಅರ್ಜಿಯೂ ಇಲ್ಲ ಎಂದು ಪಾಲ್ಖಿವಾಲಾ ಎರಡು ದಿನ ವಾದಿಸಿದರು. ಮೂರನೆಯ ದಿನ ನವೆಂಬರ್ 12ರಂದು ಪೀಠವನ್ನು ವಿಸರ್ಜಿಸಲಾಯಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಈ ವಾದವನ್ನು ಸುಪ್ರೀಂ ಕೋರ್ಟಿನ ಇತಿಹಾಸದ ಅತ್ಯುನ್ನತ ವಾಗ್ವೈಭವವೆಂದು ನಂತರ ನೆನಪಿಸಿಕೊಂಡಿದ್ದಾರೆ.

ಮಿನರ್ವ ಮಿಲ್ಸ್ ಮೊಕದ್ದಮೆ (1980)

ಬೆಂಗಳೂರಿನ ಮಿನರ್ವ ಮಿಲ್ಸ್ ಜವಳಿ ಗಿರಣಿಯ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು, ರೋಗಗ್ರಸ್ತ ಜವಳಿ ಉದ್ಯಮಗಳ 1974ರ ಕಾಯಿದೆಯಡಿ ಅದನ್ನು ರಾಷ್ಟ್ರೀಕರಿಸಿತ್ತು. ಗಿರಣಿಯ ಪರ ವಾದಿಸಿದ ಪಾಲ್ಖಿವಾಲಾ ಮುಖ್ಯವಾಗಿ ಪ್ರಶ್ನಿಸಿದ್ದು ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯನ್ನು. ಈ ತಿದ್ದುಪಡಿಯು ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದೂ ಅಂಥ ತಿದ್ದುಪಡಿಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲವೆಂದೂ ಹೇಳಿತ್ತು. 1980ರಲ್ಲಿ ಸುಪ್ರೀಂ ಕೋರ್ಟ್ ಈ ಭಾಗವನ್ನು ಅಸಿಂಧುಗೊಳಿಸಿತು. ಮಿತಿಯುಳ್ಳ ಅಧಿಕಾರವನ್ನು ಬಳಸಿ ಅದನ್ನೇ ಮಿತಿಯಿಲ್ಲದ ಅಧಿಕಾರವಾಗಿ ಮಾಡಿಕೊಳ್ಳಲಾಗದು. ತಿದ್ದುಪಡಿಗಿರುವ ಮಿತಿಯೇ ಮೂಲ ಸಂರಚನೆಯ ಅಂಗ ಎಂಬುದು ತೀರ್ಪಿನ ಸಾರ. ಮೂಲಭೂತ ಹಕ್ಕುಗಳ ಮತ್ತು ರಾಜ್ಯನೀತಿ ನಿರ್ದೇಶಕ ತತ್ವಗಳ ನಡುವಿನ ಸಮತೋಲನವೂ ಸಂವಿಧಾನದ ಮೂಲ ಲಕ್ಷಣವೆಂದು ಬಹುಮತ ಹೇಳಿತು. ಗಿರಣಿಯ ರಾಷ್ಟ್ರೀಕರಣವನ್ನು ಮಾತ್ರ ನ್ಯಾಯಾಲಯವು 1986ರ ಮತ್ತೊಂದು ತೀರ್ಪಿನಲ್ಲಿ ಎತ್ತಿಹಿಡಿಯಿತು.

ಅಂತರರಾಷ್ಟ್ರೀಯ ವೇದಿಕೆಗಳಲ್ಲಿ

ಕಛ್ ರಣ್ ಗಡಿ ವಿವಾದದ ಕುರಿತು ಜಿನೀವಾದಲ್ಲಿ ನಡೆದ ಪಂಚಾಯ್ತಿಕೆಯಲ್ಲಿ ಭಾರತದ ವಕೀಲರ ತಂಡದಲ್ಲಿ ಪಾಲ್ಖಿವಾಲಾ ಇದ್ದರು. 1971ರ ವಿಮಾನ ಅಪಹರಣದ ನಂತರ ಭಾರತವು ಪಾಕಿಸ್ತಾನದ ವಿಮಾನಗಳು ತನ್ನ ಮೇಲೆ ಹಾರುವುದನ್ನು ನಿಷೇಧಿಸಿದಾಗ ಉಂಟಾದ ವಿವಾದದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಭಾರತದ ಪರ ವಾದಿಸಿದರು. 1977ರಲ್ಲಿ ಜನತಾ ಸರ್ಕಾರ ಅವರನ್ನು ಅಮೆರಿಕಕ್ಕೆ ರಾಯಭಾರಿಯಾಗಿ ಕಳುಹಿಸಿತು.

ಬಜೆಟ್ ಭಾಷಣಗಳು

ಕೇಂದ್ರ ಬಜೆಟ್ ಮಂಡನೆಯಾದ ಬಳಿಕ ಪ್ರತಿವರ್ಷ ಅದರ ವಿಶ್ಲೇಷಣೆ ಮಾಡುತ್ತಿದ್ದ ಪಾಲ್ಖಿವಾಲಾ ಅವರ ಭಾಷಣಗಳು ಬಹು ಜನಪ್ರಿಯವಾಗಿದ್ದವು. 1958ರಲ್ಲಿ ಮುಂಬಯಿಯ ಹೋಟೆಲೊಂದರ ಸಣ್ಣ ಸಭಾಂಗಣದಲ್ಲಿ ಆರಂಭವಾದ ಈ ಪರಿಪಾಠಕ್ಕೆ ಕಾಲಕ್ರಮೇಣ ಬ್ರೆಬೋರ್ನ್ ಕ್ರೀಡಾಂಗಣವೇ ಬೇಕಾಯಿತು. ಅಂಕಿಅಂಶಗಳನ್ನು ಚೀಟಿ ನೋಡದೆ ನೆನಪಿನಿಂದಲೇ ಹೇಳುತ್ತಿದ್ದುದು ಅವುಗಳ ವಿಶೇಷ. 1973–74ರಲ್ಲಿ ಆದಾಯ ತೆರಿಗೆಯ ಅತ್ಯುನ್ನತ ದರ ಮೇಲ್ತೆರಿಗೆಯೂ ಸೇರಿ ಶೇ. 97.75ರಷ್ಟಿತ್ತು. ಇಷ್ಟು ಭಾರೀ ತೆರಿಗೆ ಪ್ರಾಮಾಣಿಕರನ್ನು ದಂಡಿಸಿ ಕಪ್ಪುಹಣವನ್ನು ಬೆಳೆಸುತ್ತದೆ ಎಂಬುದು ಅವರ ವಾದವಾಗಿತ್ತು.

ಕೃತಿಗಳು

ತೆರಿಗೆ ಗ್ರಂಥವಲ್ಲದೆ 'ದ ಹೈಯೆಸ್ಟ್ ಟ್ಯಾಕ್ಸ್‌ಡ್ ನೇಷನ್', 'ಅವರ್ ಕಾನ್‌ಸ್ಟಿಟ್ಯೂಷನ್ ಡಿಫೇಸ್ಡ್ ಅಂಡ್ ಡಿಫೈಲ್ಡ್', 'ವಿ, ದ ಪೀಪಲ್' ಮತ್ತು 'ವಿ, ದ ನೇಷನ್' ಅವರ ಮುಖ್ಯ ಕೃತಿಗಳು.

ಟೀಕೆ ಮತ್ತು ಪ್ರಭಾವ

ಪಾಲ್ಖಿವಾಲಾ ಅವರ ಬಗ್ಗೆ ಟೀಕೆಗಳೂ ಇವೆ. ಅವರು ಸಮರ್ಥಿಸಿದ್ದು ಮುಖ್ಯವಾಗಿ ಆಸ್ತಿವಂತರ ಹಕ್ಕುಗಳನ್ನು. ಭೂಸುಧಾರಣೆ, ರಾಷ್ಟ್ರೀಕರಣಗಳಂಥ ಸಮಾಜವಾದಿ ಕ್ರಮಗಳಿಗೆ ಅವರ ಮೊಕದ್ದಮೆಗಳು ಅಡ್ಡಿಯಾದವು ಎಂಬುದು ಅವುಗಳಲ್ಲಿ ಮುಖ್ಯವಾದುದು. ಚುನಾಯಿತ ಸಂಸತ್ತಿನ ನಿರ್ಧಾರವನ್ನು ಚುನಾಯಿತರಲ್ಲದ ನ್ಯಾಯಮೂರ್ತಿಗಳು ತಡೆಯುವುದು ಪ್ರಜಾಪ್ರಭುತ್ವಕ್ಕೆ ಹೊಂದುತ್ತದೆಯೇ ಎಂಬ ಚರ್ಚೆ ಇಂದಿಗೂ ನಡೆದಿದೆ. ಕೇಶವಾನಂದ ಮೊಕದ್ದಮೆಯಲ್ಲಿ ಈ ತತ್ವವನ್ನು ವಿರೋಧಿಸಿದ್ದ ಸೀರ್ವಾಯ್ ಅವರು ಮುಂದೆ ತಮ್ಮ ಗ್ರಂಥದಲ್ಲಿ ಅಭಿಪ್ರಾಯ ಬದಲಿಸಿಕೊಂಡು ಅದನ್ನು ಒಪ್ಪಿದರು.

ಆಸ್ತಿಯ ಹಕ್ಕನ್ನು 44ನೇ ತಿದ್ದುಪಡಿಯು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಬ್ಯಾಂಕುಗಳು ಷೇರುದಾರರಿಗೆ ಮರಳಲಿಲ್ಲ, ಅರಸರಿಗೆ ರಾಜಧನ ಉಳಿಯಲಿಲ್ಲ, ಗಿರಣಿ ಮಾಲೀಕರ ಕೈಗೆ ಗಿರಣಿ ಬರಲಿಲ್ಲ. ಆದರೆ ಈ ವ್ಯಾಜ್ಯಗಳಿಂದ ಹುಟ್ಟಿದ ತತ್ವಗಳು ಆಸ್ತಿಯೇ ಇಲ್ಲದವರಿಗೂ ರಕ್ಷಣೆಯಾದವು. ಕರ್ನಾಟಕದ ಸರ್ಕಾರವನ್ನು 1989ರಲ್ಲಿ ವಜಾಗೊಳಿಸಿದ್ದರಿಂದ ಹುಟ್ಟಿದ ಎಸ್.ಆರ್. ಬೊಮ್ಮಾಯಿ ಮೊಕದ್ದಮೆಯಲ್ಲಿ (1994) ಸುಪ್ರೀಂ ಕೋರ್ಟ್ ಜಾತ್ಯತೀತತೆಯನ್ನು ಮೂಲ ಸಂರಚನೆಯ ಭಾಗವೆಂದು ಸಾರಿತು. ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರಲ್ಲಿ ರದ್ದುಮಾಡಿದ್ದೂ ಇದೇ ತತ್ವದ ಆಧಾರದ ಮೇಲೆ.

ನಿಧನ

ಪಾಲ್ಖಿವಾಲಾ ಅವರ ಪತ್ನಿ ನರ್ಗೇಶ್ 2000ದಲ್ಲಿ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅನಾರೋಗ್ಯದಿಂದ ಬಳಲಿದ ಅವರು 2002ರ ಡಿಸೆಂಬರ್ 11ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ ವಯಸ್ಸಾಗಿತ್ತು.